ಆ್ಯಪ್ ಬಿಡಿ, ಸೆನ್ಸರ್ ಹಿಡಿಯಿರಿ: ಬಿಇ ಪ್ರಾಜೆಕ್ಟ್ ಪೇಪರ್ ಆಗುವ ಬಗೆ

ಕರ್ನಾಟಕದ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋಗಿ ನೋಡಿ. ಒಂದು ಮೇಜಿನ ಮೇಲೆ ಮಣ್ಣು ತುಂಬಿದ ಕುಂಡ, ಅದಕ್ಕೆ ಚುಚ್ಚಿದ ಸೆನ್ಸರ್, ಪಕ್ಕದಲ್ಲಿ ಟಿಕ್ ಎನ್ನುವ ರಿಲೇ ಸ್ವಿಚ್ಚು, ಅಂಗೈಯಗಲದ ಪಂಪು, ಮೊಬೈಲಿನಲ್ಲೊಂದು ಆ್ಯಪ್ ಇದ್ದೇ ಇರುತ್ತದೆ. ಹೆಸರು 'ಐಒಟಿ ಆಧಾರಿತ ಸ್ಮಾರ್ಟ್ ನೀರಾವರಿ'. ಮಣ್ಣು ಒಣಗಿದರೆ ಪಂಪು ಓಡುತ್ತದೆ, ನೆನೆದರೆ ನಿಲ್ಲುತ್ತದೆ. ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ತಲೆದೂಗುತ್ತಾರೆ, ಅಂಕ ಬೀಳುತ್ತದೆ. ಆಮೇಲೆ ಗೈಡ್ ಹೇಳುತ್ತಾರೆ: 'ಇದನ್ನೇ ಒಂದು ಪೇಪರ್ ಮಾಡಿಬಿಡಿ.'

ಪೇಪರ್ ಎಂದರೆ ಜರ್ನಲಿನಲ್ಲೋ ಸಮ್ಮೇಳನದಲ್ಲೋ ಪ್ರಕಟವಾಗುವ ಸಂಶೋಧನಾ ಲೇಖನ. ತೊಂದರೆ ಶುರುವಾಗುವುದು ಅಲ್ಲಿಂದ. ರಿಲೇ ಪಂಪನ್ನು ಓಡಿಸುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೆಲಸ ಮಾಡುವ ಯಂತ್ರ ಕಟ್ಟಿದ್ದು ಎಂಜಿನಿಯರಿಂಗ್ ಸರಿ, ಆದರೆ ಸಂಶೋಧನೆಯಾಗಬೇಕಾದರೆ ಈ ಕೆಲಸಕ್ಕೆ ಮೊದಲು ಯಾರಿಗೂ ಗೊತ್ತಿರದಿದ್ದ ಒಂದು ಸಂಗತಿ, ಒಂದೇ ಒಂದು ಅಂಕಿಯಾದರೂ ಸರಿ, ಕೊನೆಯಲ್ಲಿ ಕೈಗೆ ಸಿಗಬೇಕು. ಆ ಕುಂಡದಲ್ಲಿ ಅಂಥ ಅಂಕಿ ಅಡಗಿರುವ ಜಾಗ ಒಂದಿದೆ. ಕೋಡ್ ತೆರೆದು ನೋಡಿ: ರೀಡಿಂಗ್ 600 ದಾಟಿದರೆ ಪಂಪು ಆನ್ ಎಂದು ಒಂದು ಸಾಲು ಇರುತ್ತದೆ. ಆ 600 ಎಲ್ಲಿಂದ ಬಂತು? ಯೂಟ್ಯೂಬಿನಿಂದ, ಇಲ್ಲವೇ ಸೆನ್ಸರನ್ನು ಒಮ್ಮೆ ಗಾಳಿಯಲ್ಲಿ ಹಿಡಿದು ಒಮ್ಮೆ ಲೋಟದ ನೀರಿಗೆ ಅದ್ದಿ ನಡುವಿನದೊಂದು ಸಂಖ್ಯೆ ಆರಿಸಿದ್ದರಿಂದ. ಮಣ್ಣು ಗಾಳಿಯೂ ಅಲ್ಲ, ನೀರೂ ಅಲ್ಲ. ಪೇಪರ್ ಇರುವುದು ಆ 600ರಲ್ಲಿ.

ಹಾಗಾಗಿ ಆ್ಯಪ್, ಜಿಎಸ್ಎಂ, ಎಲ್‌ಸಿಡಿ, ಪಂಪು ಎಲ್ಲವನ್ನೂ ಮೇಜಿನಿಂದ ಇಳಿಸಿ ಸೆನ್ಸರನ್ನು ಮಾತ್ರ ಉಳಿಸಿಕೊಳ್ಳೋಣ. ಪ್ರಶ್ನೆ ಹೀಗಿರಲಿ: ನೂರು ರೂಪಾಯಿ ಆಸುಪಾಸಿನ ಕೆಪಾಸಿಟಿವ್ ಸೆನ್ಸರ್ (ಮಣ್ಣಿನ ತೇವವನ್ನು ವೋಲ್ಟೇಜಾಗಿ ತೋರಿಸುವಂಥದ್ದು) ಕೋಲಾರದ ಕೆಂಪು ಮಣ್ಣಿನಲ್ಲಿ ಕೊಡುವ ರೀಡಿಂಗಿಗೂ ವಿಜಯಪುರದ ಎರೆ ಮಣ್ಣಿನಲ್ಲಿ ಕೊಡುವ ರೀಡಿಂಗಿಗೂ ಒಂದೇ ಸೂತ್ರ ಸಾಕೇ? ಸಾಲದಿದ್ದರೆ ತಪ್ಪು ಎಷ್ಟು? ಸಾಕು ಎಂದು ಬಂದರೂ ಹೇಳುವಂಥದ್ದೇ, ಸಾಲದು ಎಂದು ಬಂದರೂ ಹೇಳುವಂಥದ್ದೇ. ಪ್ರಶ್ನೆ ಆರಿಸುವಾಗ ಇದೊಂದು ಒಳ್ಳೆಯ ಒರೆಗಲ್ಲು. ಒಂದು ಉತ್ತರ ಬಂದರೆ ಮಾತ್ರ ಪೇಪರ್ ಆಗುತ್ತದೆ ಎನ್ನುವ ಪ್ರಶ್ನೆಯನ್ನು ಎತ್ತಿಕೊಂಡವರು ಏಪ್ರಿಲ್ ಹೊತ್ತಿಗೆ ಡೇಟಾ ತಿದ್ದಲು ಕೂರುತ್ತಾರೆ.

ಈ ಸೆನ್ಸರಿನ ಕ್ಯಾಲಿಬ್ರೇಶನ್, ಅಂದರೆ ರೀಡಿಂಗನ್ನು ನಿಜವಾದ ತೇವಕ್ಕೆ ಹೊಂದಿಸುವುದರ ಬಗ್ಗೆ ಈಗಾಗಲೇ ಹಲವು ಪೇಪರ್‌ಗಳಿವೆ ಎಂದು ಗೂಗಲ್ ಸ್ಕಾಲರ್ ತೋರಿಸುತ್ತದೆ. ಅದನ್ನು ಕಂಡು ಎದೆಗುಂದಬೇಕಿಲ್ಲ. ಹದಿನೈದು ಪೇಪರ್ ಆರಿಸಿ, ಪ್ರತಿಯೊಂದಕ್ಕೂ ಒಂದು ಸಾಲಿನಂತೆ ಎಕ್ಸೆಲ್ ಹಾಳೆ ಮಾಡಿ. ಯಾವ ಮಣ್ಣು, ಎಷ್ಟು ಸೆನ್ಸರ್, ಮಣ್ಣನ್ನು ಎಷ್ಟು ಒತ್ತಿ ತುಂಬಿದರು, ಉಷ್ಣತೆ ಗಮನಿಸಿದರೇ, ಲವಣಾಂಶ ನೋಡಿದರೇ, ಬಿರುಕಿನ ಮಾತಿದೆಯೇ ಎಂದು ಒಂದೊಂದು ಕಾಲಮ್ ಇರಲಿ. ಹೆಚ್ಚು ಖಾಲಿ ಬಿದ್ದಿರುವ ಕಾಲಮ್ಮೇ ನಿಮ್ಮ ಜಾಗ. ಪೇಪರ್ ಓದಲು ದುಡ್ಡು ಕೇಳಿದರೆ ಮೊದಲು ಕಾಲೇಜು ಲೈಬ್ರರಿಯಲ್ಲಿ ವಿಚಾರಿಸಿ. ವಿಟಿಯು ಕನ್ಸಾರ್ಟಿಯಂ ಮೂಲಕ ಸಂಯೋಜಿತ ಕಾಲೇಜುಗಳಿಗೆ ಹಲವು ಪ್ರಕಾಶಕರ ಜರ್ನಲ್‌ಗಳು ಸಿಗುತ್ತವೆ. ಕೇಂದ್ರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ 2025ರ ಜನವರಿ 1ರಿಂದ ಸುಮಾರು 13,000 ಜರ್ನಲ್‌ಗಳನ್ನು ತೆರೆದಿದೆ, ಆದರೆ ಅದು ಶುರುವಾದದ್ದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಎರಡೂ ಕೈಕೊಟ್ಟರೆ ಲೇಖಕರಿಗೇ ಎರಡು ಸಾಲಿನ ಮೇಲ್ ಹಾಕಿ. ಹಲವರು ಸಂತೋಷದಿಂದಲೇ ಪಿಡಿಎಫ್ ಕಳಿಸುತ್ತಾರೆ.

ಮಣ್ಣು, ತಕ್ಕಡಿ, ಓವನ್

ಮೊದಲು ಸೆನ್ಸರ್. ಪೇಟೆಯಲ್ಲಿ 'ವರ್ಷನ್ 1.2' ಎಂದು ಸಿಗುವ ಬೋರ್ಡುಗಳೆಲ್ಲ ಒಂದೇ ತರಹ ಕಂಡರೂ ಒಳಗೆ ಒಂದೇ ಅಲ್ಲ. ಹತ್ತು ಕೊಂಡರೆ ಐದು ಉಳಿಯುತ್ತವೆ ಎಂದುಕೊಂಡೇ ಕೊಳ್ಳಿ. ಭೂತಗನ್ನಡಿ ಹಿಡಿದು ಟೈಮರ್ ಚಿಪ್ ಮೇಲಿನ ಅಕ್ಷರ ಓದಿ. ಟಿಎಲ್‌ಸಿ555 ಇದ್ದರೆ 3.3 ವೋಲ್ಟಿನಲ್ಲಿ ನಡೆಯುತ್ತದೆ. ಎನ್ಇ555 ಇದ್ದರೆ ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ 3.3 ವೋಲ್ಟಿಗೆ ಸಿಕ್ಕಿಸಿದರೆ ರೀಡಿಂಗ್ ಎಂದು ಬರುವುದೆಲ್ಲ ಕಸ. ಎರಡನೆಯದು, ಬೋರ್ಡಿನ ಮೇಲೆ ವೋಲ್ಟೇಜ್ ರೆಗ್ಯುಲೇಟರ್ ಇದೆಯೇ ನೋಡಿ. ಕೆಲವು ಬೋರ್ಡುಗಳಲ್ಲಿ ಅದನ್ನು ಕೈಬಿಟ್ಟು ನೇರ ಸೇರಿಸಿರುತ್ತಾರೆ, ಅಂಥವುಗಳಲ್ಲಿ ಬ್ಯಾಟರಿ ಇಳಿದಂತೆ 'ಮಣ್ಣಿನ ತೇವ'ವೂ ಬದಲಾಗುತ್ತದೆ. ಮೂರನೆಯದು ಹೆಚ್ಚಿನವರಿಗೆ ಗೊತ್ತೇ ಇಲ್ಲ: ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಮಲ್ಟಿಮೀಟರ್ ಇಟ್ಟರೆ ಅಲ್ಲಿರುವ ರೆಸಿಸ್ಟರಿನ ಸುಮಾರು 1 ಮೆಗಾ ಓಮ್ ತೋರಿಸಬೇಕು. ಕೆಲವು ಬ್ಯಾಚುಗಳಲ್ಲಿ ಆ ರೆಸಿಸ್ಟರ್ ಗ್ರೌಂಡಿಗೆ ಸೇರಿರುವುದೇ ಇಲ್ಲ. ಅಂಥ ಸೆನ್ಸರನ್ನು ನೀರಿನಿಂದ ತೆಗೆದು ಒರೆಸಿದರೂ ರೀಡಿಂಗ್ ನಿಮಿಷಗಟ್ಟಲೆ ತೆವಳುತ್ತಿರುತ್ತದೆ.

ಪಿಸಿಬಿಯ (ಸೆನ್ಸರಿನ ಸರ್ಕ್ಯೂಟ್ ಬೋರ್ಡಿನ) ಕತ್ತರಿಸಿದ ಅಂಚುಗಳು ನೀರು ಹೀರುತ್ತವೆ. ಮೂರು ದಿನ ಮಣ್ಣಿನಲ್ಲಿದ್ದ ಸೆನ್ಸರ್ ಮೊದಲ ದಿನದ ಸೆನ್ಸರ್ ಅಲ್ಲ. ಅಂಚಿಗೆ ಎರಡು ಪದರ ನೇಲ್ ಪಾಲಿಶ್ ಅಥವಾ ಎಪಾಕ್ಸಿ ಬಳಿದು, ಮೇಲಿನ ಚಿಪ್ ಭಾಗಕ್ಕೆ ಹೀಟ್‌ಶ್ರಿಂಕ್ ತೊಡಿಸಿ, ಆಮೇಲೆಯೇ ಕ್ಯಾಲಿಬ್ರೇಶನ್ ಶುರು ಮಾಡಿ. ಬಳಿಯುವ ಮುಂಚೆ ಒಂದಷ್ಟು, ಬಳಿದ ನಂತರ ಒಂದಷ್ಟು ರೀಡಿಂಗ್ ತೆಗೆದುಕೊಂಡರೆ ಎರಡೂ ಕೆಡುತ್ತವೆ. ಪ್ರತಿ ಸೆನ್ಸರಿಗೂ ಅಳಿಯದ ಮಾರ್ಕರಿನಲ್ಲಿ ಸಂಖ್ಯೆ ಬರೆಯಿರಿ.

ಇಎಸ್‌ಪಿ32ರ ಒಳಗಿನ ಎಡಿಸಿಯನ್ನು (ವೋಲ್ಟೇಜನ್ನು ಅಂಕಿಯಾಗಿಸುವ ಭಾಗವನ್ನು) ನಂಬಬೇಡಿ. ಅದು 12 ಬಿಟ್, 0ಯಿಂದ 4095, ನಿಜ. ಆದರೆ ಎರಡೂ ತುದಿಗಳಲ್ಲಿ ಸೊಟ್ಟ, ಮತ್ತು ವೈಫೈ ಓಡುತ್ತಿದ್ದರೆ ಎಡಿಸಿ2ರ ಪಿನ್ನುಗಳು ಕೆಲಸಕ್ಕೆ ಬಾರವು. ಈ ಸೆನ್ಸರ್ ಗಾಳಿಯಲ್ಲಿ ಹೆಚ್ಚು ವೋಲ್ಟೇಜ್, ನೀರಿನಲ್ಲಿ ಕಡಿಮೆ ವೋಲ್ಟೇಜ್ ಕೊಡುವಂಥದ್ದು. ಅಂದರೆ ಒಣಮಣ್ಣಿನ ರೀಡಿಂಗ್ ಬೀಳುವುದೇ ಎಡಿಸಿ ಸೊಟ್ಟಗಿರುವ ಮೇಲ್ತುದಿಯಲ್ಲಿ. 16 ಬಿಟ್‌ನ ಎಡಿಎಸ್1115 ಎಂಬ ಪುಟ್ಟ ಮಾಡ್ಯೂಲ್ ಸೇರಿಸಿ, ದಾಖಲೆಯಲ್ಲಿ ಕೌಂಟ್ ಬದಲು ಮಿಲಿವೋಲ್ಟ್ ಬರೆಯಿರಿ. ಆಗ ಬೇರೆ ಬೋರ್ಡ್ ಬಳಸುವವರಿಗೂ ನಿಮ್ಮ ಅಂಕಿ ಉಪಯೋಗಕ್ಕೆ ಬರುತ್ತದೆ.

ಈಗ ಮಣ್ಣು. ಹೊಲದ ಮೇಲಿನ 15 ಸೆಂಟಿಮೀಟರ್ ಪದರದಿಂದ, ಒಂದೇ ಗುಂಡಿಯಿಂದಲ್ಲ, ನಾಲ್ಕೈದು ಕಡೆಯಿಂದ ತೆಗೆದ ಮಣ್ಣನ್ನು ಬೆರೆಸಿ ನೆರಳಲ್ಲಿ ಒಣಗಿಸಿ, ಹೆಂಟೆ ಒಡೆದು 2 ಮಿಲಿಮೀಟರ್ ಜರಡಿ ಹಿಡಿಯಿರಿ. ಸಿವಿಲ್ ವಿಭಾಗದ ಜಿಯೋಟೆಕ್ ಲ್ಯಾಬಿನಲ್ಲಿ ಜರಡಿ, ಓವನ್, ಅಲ್ಯೂಮಿನಿಯಂ ಡಬ್ಬಿ, 0.01 ಗ್ರಾಂ ತಕ್ಕಡಿ ಎಲ್ಲವೂ ಇರುತ್ತವೆ. ಎಲೆಕ್ಟ್ರಾನಿಕ್ಸ್ ಹುಡುಗರು ಆ ಕಟ್ಟಡದ ಮೆಟ್ಟಿಲು ಹತ್ತುವುದೇ ಅಪರೂಪ, ಅಷ್ಟೇ.

ಒಂದೂವರೆ ಲೀಟರ್ ಹಿಡಿಸುವ, ಸೆನ್ಸರಿನ ಸುತ್ತ ಕನಿಷ್ಠ ನಾಲ್ಕು ಸೆಂಟಿಮೀಟರ್ ಮಣ್ಣು ಉಳಿಯುವಂಥ ಪ್ಲಾಸ್ಟಿಕ್ ಪಾತ್ರೆ ಇರಲಿ. ಲೋಹದ ಪಾತ್ರೆ ಬೇಡ. ಎರೆ ಮಣ್ಣಿಗೆ ಘನಸೆಂಟಿಮೀಟರಿಗೆ 1.2 ಗ್ರಾಂ ಸಾಂದ್ರತೆ ಎಂದು ನಿರ್ಧರಿಸಿದರೆ, ಪಾತ್ರೆಗೆ ಪೂರ್ತಿ ಒಣಗಿದ ಲೆಕ್ಕದಲ್ಲಿ 1800 ಗ್ರಾಂ ಮಣ್ಣು ಬೇಕು. ಇಲ್ಲೇ ಮೊದಲ ಎಡವಟ್ಟು. ನೆರಳಲ್ಲಿ ಒಣಗಿದ ಎರೆ ಮಣ್ಣು ಮುಟ್ಟಲು ಒಣಗಿದ್ದರೂ ಒಳಗೆ ನೀರು ಹಿಡಿದಿರುತ್ತದೆ. ಒಂದು ಡಬ್ಬಿಯನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಟ್ಟು ತೂಗಿದಾಗ ತೇವ 6 ಶೇಕಡ ಎಂದು ಬಂತು ಎಂದಿಟ್ಟುಕೊಳ್ಳಿ. ಹಾಗಾದರೆ 1800 ಗ್ರಾಂ ಒಣಮಣ್ಣು ಬೇಕಿದ್ದರೆ ತೂಗಬೇಕಾದದ್ದು 1908 ಗ್ರಾಂ. ಅದರಲ್ಲಿ 108 ಗ್ರಾಂ ನೀರೇ. ಒಂದೂವರೆ ಲೀಟರ್ ಗಾತ್ರದ ಲೆಕ್ಕದಲ್ಲಿ ಅದು ಆಗಲೇ 7.2 ಶೇಕಡ! ಅಂದರೆ '5 ಶೇಕಡ ತೇವ'ದ ಮಾದರಿ ಮಾಡಲು ಸಾಧ್ಯವೇ ಇಲ್ಲ. ಅದು ಗೊತ್ತಿಲ್ಲದೆ 75 ಮಿಲಿಲೀಟರ್ ನೀರು ಸುರಿದು '5' ಎಂದು ಬರೆದುಕೊಂಡವರ ಗ್ರಾಫ್ ಪೂರ್ತಿ ಸುಮಾರು 7 ಅಂಕ ಪಕ್ಕಕ್ಕೆ ಸರಿದಿರುತ್ತದೆ. 10 ಶೇಕಡದಿಂದ ಶುರು ಮಾಡಿ. ಒಟ್ಟು 150 ಮಿಲಿಲೀಟರ್ ನೀರು ಬೇಕು, 108 ಇದ್ದೇ ಇದೆ, ಸೇರಿಸಬೇಕಾದದ್ದು 42. ಅಲ್ಲಿಂದ 5 ಶೇಕಡದ ಒಂದೊಂದು ಮೆಟ್ಟಿಲಿಗೆ 75 ಮಿಲಿಲೀಟರಿನಂತೆ 40ರವರೆಗೆ ಹೋದರೆ ಏಳು ಮಟ್ಟ.

ನೀರು ಬೆರೆಸಿದ ಮಣ್ಣನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ದಿನ ಬಿಡಿ, ಇಲ್ಲದಿದ್ದರೆ ಹೊರಗೆ ಕೆಸರು, ಒಳಗೆ ಪುಡಿ. ತುಂಬುವಾಗ ಮೂರು ಪದರ ಮಾಡಿ. ಉದಾಹರಣೆಗೆ 20 ಶೇಕಡದ ಮಟ್ಟದಲ್ಲಿ ಒಟ್ಟು ತೂಕ 2100 ಗ್ರಾಂ, ಪದರಕ್ಕೆ 700 ಗ್ರಾಂ. ಪಾತ್ರೆಯ ಗೋಡೆಗೆ ಮೊದಲೇ ಗೆರೆ ಹಾಕಿ, 700 ಗ್ರಾಂ ಆ ಗೆರೆಗೆ ಬರುವವರೆಗೆ ಮಾತ್ರ ಒತ್ತಿ. ಎರೆ ಮಣ್ಣು ತೇವ ಹೆಚ್ಚಿದಂತೆ ಉಂಡೆಕಟ್ಟುತ್ತದೆ, ಸಮನಾಗಿ ತುಂಬಲು ಹಟ ಮಾಡುತ್ತದೆ. ಆಗ ಸಾಂದ್ರತೆ ನಿಜವಾಗಿ ಎಷ್ಟು ಬಂತೋ ಅದನ್ನೇ ಬರೆಯಿರಿ, ಬರಬೇಕಿದ್ದದ್ದನ್ನಲ್ಲ. ರೀಡಿಂಗ್ ಆದ ಮೇಲೆ ಸೆನ್ಸರಿನ ಪಕ್ಕದಿಂದಲೇ 30 ಗ್ರಾಂ ತೆಗೆದು ಓವನ್ನಿಗೆ ಹಾಕಿ. 'ನಿಜ' ಎಂದು ಲೆಕ್ಕಕ್ಕೆ ಬರುವುದು ನೀವು ಸುರಿದ ನೀರಲ್ಲ, ಓವನ್ ಹೇಳಿದ ನೀರು.

ತೂಕದ ಶೇಕಡ, ಗಾತ್ರದ ಶೇಕಡ ಎರಡನ್ನೂ ಕಲಸಿಹಾಕುವುದು ಈ ವಿಷಯದ ಅತಿ ಸಾಮಾನ್ಯ ತಪ್ಪು. ಓವನ್ ಕೊಡುವುದು ತೂಕದ್ದು. ಅದನ್ನು ಮಣ್ಣಿನ ಸಾಂದ್ರತೆಯಿಂದ ಗುಣಿಸಿದರೆ ಗಾತ್ರದ್ದು. ಸಾಂದ್ರತೆ 1.3 ಇದ್ದರೆ ತೂಕದ 20 ಎಂದರೆ ಗಾತ್ರದ 26. ಒಂದು ಪೇಪರಿನ 20ನ್ನು ಇನ್ನೊಂದರ 26ರ ಜತೆ ಹೋಲಿಸಿ 'ನಮ್ಮ ವಿಧಾನ ಉತ್ತಮ' ಎಂದು ಬರೆದರೆ ಜರ್ನಲಿನ ಪರವಾಗಿ ಪೇಪರ್ ಪರಿಶೀಲಿಸುವ ವಿಮರ್ಶಕರು ಎರಡನೇ ಪುಟದಲ್ಲೇ ಹಿಡಿಯುತ್ತಾರೆ.

ಇನ್ನು ರೀಡಿಂಗ್. ಸೆನ್ಸರ್ ಚುಚ್ಚಿಟ್ಟು ಸೆಕೆಂಡಿಗೊಂದರಂತೆ 50 ರೀಡಿಂಗ್ ತೆಗೆದರೆ ಅದು 50 ಪ್ರಯೋಗವಲ್ಲ, ಒಂದೇ ಪ್ರಯೋಗ. ಅವುಗಳ ಸರಾಸರಿ ಒಂದು ಬಿಂದು. ಎರಡನೇ ಬಿಂದು ಬೇಕಿದ್ದರೆ ಮಣ್ಣನ್ನು ಹೊರಗೆ ಸುರಿದು, ಮತ್ತೆ ತುಂಬಿ, ಮತ್ತೆ ಚುಚ್ಚಬೇಕು. ಬೇಸರದ ಕೆಲಸ, ಆದರೆ ನಿಜವಾದ ಏರುಪೇರು ಇರುವುದು ಅಲ್ಲೇ: ಮಣ್ಣು ಮತ್ತು ಸೆನ್ಸರಿನ ಬ್ಲೇಡಿನ (ಮಣ್ಣಿಗಿಳಿಯುವ ಚಪ್ಪಟೆ ಭಾಗದ) ನಡುವಿನ ಗಾಳಿಯ ಸಂದಿನಲ್ಲಿ. ಐದು ಸೆನ್ಸರ್, ಏಳು ಮಟ್ಟ, ಮೂರು ಸಲ, ಎರಡು ಮಣ್ಣು ಎಂದರೆ 210 ಬಿಂದು. ಒಮ್ಮೆ ತುಂಬಿದ ಪಾತ್ರೆಯಲ್ಲಿ ಐದೂ ಸೆನ್ಸರಿನಿಂದ ಅಳೆದರೆ 42 ಸಲ ಪಾತ್ರೆ ತುಂಬುವ ಕೆಲಸ. ದಿನಕ್ಕೆ ಮೂರು ಪಾತ್ರೆ ಮುಗಿದರೂ ಹದಿನಾಲ್ಕು ದಿನ. ಓವನ್ ಸಿಗದ ದಿನ, ಕರೆಂಟ್ ಹೋದ ದಿನ, ಇಂಟರ್ನಲ್ಸ್ ಎಲ್ಲ ಸೇರಿ ಒಂದೂವರೆ ತಿಂಗಳು ಇಟ್ಟುಕೊಳ್ಳಿ. ಪ್ಲೇಸ್‌ಮೆಂಟ್ ಕಂಪನಿಗಳು ಬರತೊಡಗಿದ ಮೇಲೆ ನಾಲ್ವರ ಬ್ಯಾಚಿನಲ್ಲಿ ಲ್ಯಾಬಿಗೆ ಬರುವುದು ಒಬ್ಬರೇ. ಅದಕ್ಕೇ ಈ ಭಾಗ ಮೂರನೇ ವರ್ಷದ ರಜೆಯಲ್ಲೇ ಮುಗಿಯಬೇಕು.

ಎರೆ ಮಣ್ಣಿನ ನಿಜವಾದ ಸ್ವಾರಸ್ಯ ಬಿರುಕಿನದು. ಅದರ ಜೇಡಿ ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದು ಇದರಿಂದಲೇ. ಪಾತ್ರೆಯನ್ನು 40 ಶೇಕಡಕ್ಕೆ ನೆನೆಸಿ, ಸೆನ್ಸರ್ ಸಮೇತ ಬಿಸಿಲಿಗಿಟ್ಟು, ಬೆಳಗ್ಗೆ ಸಂಜೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಇಳಿದ ತೂಕವೇ ಆರಿದ ನೀರು. ಮಣ್ಣು ಬ್ಲೇಡನ್ನು ಬಿಟ್ಟು ಹಿಂದೆ ಸರಿದ ಗಳಿಗೆಯಲ್ಲಿ ಸೆನ್ಸರ್ ಗಾಳಿಯನ್ನು ಅಳೆಯತೊಡಗುತ್ತದೆ. ಹೆಂಟೆಯೊಳಗೆ ನೀರಿದ್ದರೂ 'ಒಣಗಿದೆ' ಎನ್ನುತ್ತದೆ, ಪಂಪು ಓಡುತ್ತದೆ. ಕೆಂಪು ಮಣ್ಣಿನ ಪಾತ್ರೆಯಲ್ಲಿ ಹೀಗೆ ಆಗುತ್ತದೆಯೇ, ಎಷ್ಟರ ಮಟ್ಟಿಗೆ, ಯಾವ ತೇವದಲ್ಲಿ ಕೈಬಿಡುತ್ತದೆ ಎಂದು ಪಕ್ಕಪಕ್ಕ ತೋರಿಸಿದರೆ ಅದೇ ನಿಮ್ಮ ಪೇಪರಿನ ಮುಖ್ಯ ಚಿತ್ರ. ಈ ಭಾಗದಲ್ಲಿ ಮಾತ್ರ ಗಾತ್ರದ ಶೇಕಡ ಬೇಡ. ಗಾತ್ರವೇ ಕುಗ್ಗುತ್ತಿರುವಾಗ ಅದಕ್ಕೆ ಅರ್ಥವಿಲ್ಲ, ತೂಕದ್ದನ್ನೇ ಕೊಡಿ. ಸಮಯವಿದ್ದರೆ ಗೊಬ್ಬರವನ್ನೂ ನೋಡಬಹುದು: ಪೊಟ್ಯಾಷ್ ಕರಗಿದೊಡನೆ ಮಣ್ಣಿನ ನೀರಿನ ವಿದ್ಯುತ್ ವಾಹಕತೆ ಏರುತ್ತದೆ, ಯೂರಿಯಾ ಕರಗಿದೊಡನೆ ಹಾಗೆ ಏರಿಸದು. ಒಂದೇ ತೇವದಲ್ಲಿ ಎರಡು ಗೊಬ್ಬರ, ಎರಡು ರೀಡಿಂಗ್.

ತೊಂಬತ್ತೊಂಬತ್ತು ಶೇಕಡದ ಮಾಯೆ

ಡೇಟಾ ಬಂದ ಮೇಲೆ ಎಲ್ಲರೂ ಮಾಡುವುದು ಒಂದೇ: ಎಲ್ಲ ಬಿಂದುಗಳನ್ನೂ ಕಲೆಸಿ, 80 ಶೇಕಡದಲ್ಲಿ ಸೂತ್ರ ಕಟ್ಟಿ, 20 ಶೇಕಡದಲ್ಲಿ ಪರೀಕ್ಷಿಸಿ, ಆರ್-ಸ್ಕ್ವೇರ್ (ಸೂತ್ರ ಡೇಟಾಕ್ಕೆ ಎಷ್ಟು ಹೊಂದುತ್ತದೆ ಎನ್ನುವ ಅಂಕಿ, 1 ಎಂದರೆ ಪೂರ್ತಿ) 0.97 ಎಂದು ಬರೆಯುವುದು. ಆದರೆ ಒಂದೇ ಸೆನ್ಸರಿನ, ಒಂದೇ ಪಾತ್ರೆಯ ಬಿಂದುಗಳು ಎರಡೂ ಕಡೆ ಕೂತಿರುತ್ತವೆ. ಇದು ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ. ರೈತ ಕೊಳ್ಳುವುದು ಆರನೇ ಸೆನ್ಸರನ್ನು, ನಿಮ್ಮ ಐದರಲ್ಲೊಂದನ್ನಲ್ಲ. ಆದ್ದರಿಂದ ನಾಲ್ಕು ಸೆನ್ಸರ್‌ಗಳಿಂದ ಸೂತ್ರ ಕಟ್ಟಿ ಐದನೆಯದರಲ್ಲಿ ಪರೀಕ್ಷಿಸಿ, ಸರದಿಯಂತೆ ಐದು ಸಲ. ತಪ್ಪನ್ನು ಆರ್-ಸ್ಕ್ವೇರಿನಲ್ಲಲ್ಲ, ತೇವಾಂಶದ ಅಂಕಗಳಲ್ಲೇ ಹೇಳಿ. ಬೆಳೆ ಬಾಡುವ ತೇವಕ್ಕೂ ಹೊಲ ತುಂಬಿದ ತೇವಕ್ಕೂ ನಡುವಿನ ಅಂತರ 15 ಅಂಕ ಇರುವ ಮಣ್ಣಿನಲ್ಲಿ 3 ಅಂಕ ತಪ್ಪಾದರೆ ಅದು ಐದನೇ ಒಂದು ಭಾಗ. ಓದುವವರಿಗೆ ಬೇಕಿರುವುದು ಈ ಮಾತು. ಅಂಕಿ ಕೆಟ್ಟದಾಗಿ ಕಂಡರೂ ವಿಮರ್ಶಕರು ನಂಬುತ್ತಾರೆ, ಅದೇ ಲಾಭ.

ಕಂಪ್ಯೂಟರ್ ಸೈನ್ಸ್ ಬ್ಯಾಚುಗಳ ಎಲೆರೋಗ ಪತ್ತೆಯ ಪ್ರಾಜೆಕ್ಟುಗಳಲ್ಲಿ ಇದೇ ಕಾಯಿಲೆ ಇನ್ನೂ ಜೋರು. ಎಲ್ಲರೂ ಇಳಿಸಿಕೊಳ್ಳುವ ಪ್ಲಾಂಟ್‌ವಿಲೇಜ್ ಸಂಗ್ರಹದಲ್ಲಿ 54,000ಕ್ಕೂ ಮಿಕ್ಕಿ ಎಲೆಚಿತ್ರಗಳಿವೆ, 38 ವರ್ಗ. 2016ರಲ್ಲಿ ಅದರ ಮೇಲೆ 99.35 ಶೇಕಡ ನಿಖರತೆ ವರದಿಯಾಯಿತು. ಅದೇ ಪೇಪರಿನಲ್ಲಿ, ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ನಿಖರತೆ 31 ಶೇಕಡದ ಸುತ್ತ ಬಿತ್ತು ಎಂದೂ ಬರೆದಿದ್ದಾರೆ. ಆ ಸಾಲನ್ನು ಓದದೆ 99ನ್ನು 99.6 ಮಾಡಲು ಹೊರಟ ಪ್ರಾಜೆಕ್ಟುಗಳಿಗೆ ಲೆಕ್ಕವಿಲ್ಲ. 2022ರ ಇನ್ನೊಂದು ಕೆಲಸ ಇನ್ನೂ ಮಜವಾಗಿದೆ. ಎಲೆಯನ್ನು ಬಿಟ್ಟು ಹಿನ್ನೆಲೆಯ ಬರೀ 8 ಪಿಕ್ಸೆಲ್ ಕೊಟ್ಟರೂ ಮಾದರಿ 49 ಶೇಕಡ ಸರಿಯಾಗಿ ಹೇಳಿತು. ಕಣ್ಣುಮುಚ್ಚಿ ಹೇಳಿದರೆ 2.6 ಶೇಕಡ ಸರಿಯಾಗಬೇಕಿತ್ತು. ಯಂತ್ರ ಕಲಿತದ್ದು ರೋಗವನ್ನಲ್ಲ, ಚಿತ್ರ ತೆಗೆದ ಮೇಜನ್ನು. ಮಲೆನಾಡಿನ ಅಡಿಕೆಯ ಎಲೆಚುಕ್ಕೆ ರೋಗದ ಮೇಲೆ ಕೆಲಸ ಮಾಡುವವರು ಹೊಸ ನೆಟ್‌ವರ್ಕ್ ಕಟ್ಟುವ ಬದಲು ಮೂರು ತೋಟಗಳ ಚಿತ್ರ ತೆಗೆದು, ಎರಡು ತೋಟದಲ್ಲಿ ಕಲಿಸಿ ಮೂರನೆಯದರಲ್ಲಿ ಪರೀಕ್ಷಿಸಲಿ. ನಿಖರತೆ 99ರಿಂದ ಎಷ್ಟಕ್ಕೆ ಬಿತ್ತು, ಬಿಸಿಲಿಗೆ ಎಷ್ಟು, ಮಂಜಿಗೆ ಎಷ್ಟು, ಫೋನ್ ಬದಲಾದರೆ ಎಷ್ಟು ಎನ್ನುವುದೇ ಪೇಪರ್.

ಸಿವಿಲ್‌ನವರ ಕಾಂಕ್ರೀಟ್ ಕ್ಯೂಬಿಗೂ ಒಂದು ಮಾತು. ಸಿಮೆಂಟಿಗೆ 10 ಶೇಕಡ ಇಂಥ ಬೂದಿ ಬೆರೆಸಿದರೆ ಬಲ 4 ಶೇಕಡ ಹೆಚ್ಚಿತು ಎಂದು ಮೂರು ಮೂರು ಕ್ಯೂಬ್ ಒಡೆದು ಬರೆಯುತ್ತಾರೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಒಂದೇ ಮಾದರಿಯ ಮೂರು ಕ್ಯೂಬುಗಳು ಸರಾಸರಿಯಿಂದ 15 ಶೇಕಡ ಆಚೀಚೆ ಹೋದರೂ ಸರಿಯೇ. ಆ ಗದ್ದಲದಲ್ಲಿ 4 ಶೇಕಡ ಕೇಳಿಸುವುದಿಲ್ಲ. ಜತೆಗೆ, 150 ಮಿಲಿಮೀಟರ್ ಕ್ಯೂಬಿಗೆ ಭಾರ ಸೆಕೆಂಡಿಗೆ ಸುಮಾರು 5 ಕಿಲೋನ್ಯೂಟನ್ನಿನಂತೆ ಏರಬೇಕು. ಊಟದ ಹೊತ್ತಾಯಿತೆಂದು ಕ್ಯೂಬ್ ಒಡೆಯುವ ಯಂತ್ರದ ಕವಾಟ ಜೋರಾಗಿ ತಿರುಗಿಸಿದರೆ ಬಲ ಹೆಚ್ಚಾಗಿಯೇ ಕಾಣುತ್ತದೆ. ಬೂದಿಗೆ ಸಿಕ್ಕ ಕೀರ್ತಿ ಎಷ್ಟೋ ಸಲ ಕವಾಟದ್ದು.

ಬರೆಯುವುದು, ಕಳಿಸುವುದು

ಬರೆಯುವ ಕ್ರಮ ಓದುವ ಕ್ರಮವಲ್ಲ. ಮೊದಲು ಚಿತ್ರಗಳು, ಎರರ್ ಬಾರ್ (ಏರುಪೇರು ತೋರಿಸುವ ಗೆರೆ) ಸಮೇತ. ನಾಲ್ಕು ಚಿತ್ರ ಸಾಕು. ಆಮೇಲೆ ವಿಧಾನ, ಫಲಿತಾಂಶ, ಆಮೇಲೆ ಪೀಠಿಕೆ, ಕಟ್ಟಕಡೆಗೆ ಸಾರಾಂಶ. ವಿಧಾನದ ಭಾಗ ಎಷ್ಟು ಉದ್ದವಿರಬೇಕು ಎಂದರೆ ರಾಯಚೂರಿನಲ್ಲಿ ಕೂತ ಇನ್ನೊಂದು ಬ್ಯಾಚ್ ನಿಮಗೆ ಫೋನ್ ಮಾಡದೆ ಅದೇ ಪ್ರಯೋಗ ಮಾಡುವಷ್ಟು. ಪೇಪರ್ ಜೋಡಿಸುವ ಸಾಫ್ಟ್‌ವೇರ್ ಲೇಟೆಕ್ ಬರದಿದ್ದರೆ ಅದನ್ನು ಬ್ರೌಸರಿನಲ್ಲೇ ಓಡಿಸುವ ಓವರ್‌ಲೀಫ್‌ನಲ್ಲಿ ಟೆಂಪ್ಲೇಟ್ ತೆರೆದು ಒಂದು ಸಂಜೆ ಕೂತರೆ ಸಾಕು.

ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಬೇರೆ ಬರಹಗಳೊಂದಿಗೆ 10 ಶೇಕಡದವರೆಗಿನ ಹೋಲಿಕೆಗೆ ದಂಡವಿಲ್ಲ. ಆ ಹತ್ತರೊಳಗೆ ತರಲು ಪದ ತಿರುಗಿಸುವ ಸಾಫ್ಟ್‌ವೇರಿಗೆ ಹಾಕುವವರಿದ್ದಾರೆ. ಅದು 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಅನ್ನು 'ಕೌಂಟರ್‌ಫೀಟ್ ಕಾನ್ಶಸ್‌ನೆಸ್' ಮಾಡಿ ಕೊಡುತ್ತದೆ. ಇಂಥ ಚಿತ್ರಹಿಂಸೆಯ ಪದಗಳನ್ನು ಹುಡುಕಿ ಪೇಪರ್ ಹಿಡಿಯುವವರು ಈಗ ಇದ್ದಾರೆ, ಹಿಂತೆಗೆತಗಳೂ ಆಗಿವೆ. ಚಾಟ್‌ಬಾಟಿನಿಂದ ವಾಕ್ಯ ತಿದ್ದಿಸಿಕೊಂಡರೆ ಅದನ್ನು ಕೃತಜ್ಞತೆಯ ಭಾಗದಲ್ಲಿ ಹೇಳಿ. ಉಲ್ಲೇಖಗಳನ್ನು ಮಾತ್ರ ಅದರಿಂದ ಕೇಳಬೇಡಿ. ಇಲ್ಲದ ಪೇಪರಿಗೆ ಇರುವ ಲೇಖಕರ ಹೆಸರು ಅಂಟಿಸಿ ಕೊಡುವುದು ಅದಕ್ಕೆ ಲೀಲಾಜಾಲ. ಪ್ರತಿ ಉಲ್ಲೇಖದ ಡಿಒಐ (ಪೇಪರಿನ ಶಾಶ್ವತ ಕೊಂಡಿ) ಒತ್ತಿ ತೆರೆದು ನೋಡಿ.

ಎಲ್ಲಿಗೆ ಕಳಿಸಬೇಕು ಎಂಬಲ್ಲಿ ಮುಗ್ಧರು ಹೆಚ್ಚು ಮೋಸ ಹೋಗುತ್ತಾರೆ. '48 ಗಂಟೆಯಲ್ಲಿ ಸ್ವೀಕಾರ, ಎಲ್ಲ ಲೇಖಕರಿಗೂ ಪ್ರಮಾಣಪತ್ರ, ಶುಲ್ಕ ಒಂದೆರಡು ಸಾವಿರ' ಎನ್ನುವ ಜರ್ನಲ್ ಅಚ್ಚುಹಾಕುವ ಅಂಗಡಿ, ಅಷ್ಟೇ. ಎರಡು ದಿನದಲ್ಲಿ ಯಾರೂ ಓದಿರಲು ಸಾಧ್ಯವಿಲ್ಲ. ಐಎಸ್ಎಸ್ಎನ್ (ಜರ್ನಲಿನ ಗುರುತಿನ ಸಂಖ್ಯೆ) ಇದೆ ಎಂದರೆ ನೋಂದಣಿ ಇದೆ ಎಂದರ್ಥ, ಡಿಒಐ ಇದೆ ಎಂದರೆ ವಿಳಾಸ ಇದೆ ಎಂದರ್ಥ. ಗುಣಮಟ್ಟಕ್ಕೂ ಅವಕ್ಕೂ ಸಂಬಂಧವಿಲ್ಲ. 'ಇಂಪ್ಯಾಕ್ಟ್ ಫ್ಯಾಕ್ಟರ್ 7.9' ಎಂದು ಮುಖಪುಟದಲ್ಲೇ ಹೊಳೆಯುತ್ತಿದ್ದರೆ ಅದು (ಜರ್ನಲಿನ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಉಲ್ಲೇಖಿಸುತ್ತಾರೆ ಎನ್ನುವ ಅಂಕಿ) ಕ್ಲಾರಿವೇಟ್ ಕಂಪನಿ ಕೊಟ್ಟದ್ದೇ ಎಂದು ನೋಡಿ, ಸಾಮಾನ್ಯವಾಗಿ ಅಲ್ಲ. 'ಯುಜಿಸಿ ಅಂಗೀಕೃತ' ಎಂಬ ಮುದ್ರೆಗೂ ಈಗ ಅರ್ಥವಿಲ್ಲ; ಒಪ್ಪಿತ ಜರ್ನಲ್‌ಗಳ ಕೇರ್ ಪಟ್ಟಿಯನ್ನು ಕೈಬಿಟ್ಟಿರುವುದಾಗಿ ಯುಜಿಸಿಯೇ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಸ್ಕೋಪಸ್ ಎಂಬ ಜರ್ನಲ್ ಸೂಚಿಯಲ್ಲಿದೆ ಎಂದು ಹೇಳಿದರೆ ಸ್ಕೋಪಸ್‌ನ ಜಾಲತಾಣದಲ್ಲೇ ಐಎಸ್ಎಸ್ಎನ್ ಹಾಕಿ ಹುಡುಕಿ, ಸೇರ್ಪಡೆ ಯಾವ ವರ್ಷದವರೆಗೆ ಇದೆ ನೋಡಿ. ನಿಂತುಹೋದವು ಬಹಳ. ಒಳ್ಳೆಯ ಜರ್ನಲಿನ ಹೆಸರನ್ನೇ ಕದ್ದು ಕಟ್ಟಿದ ನಕಲಿ ತಾಣಗಳೂ ಇವೆ. ಸಮ್ಮೇಳನದವರು 'ಸ್ಕೋಪಸ್ ಖಚಿತ' ಎಂದು ಮುಂಚೆಯೇ ಮಾತು ಕೊಟ್ಟರೆ ಅದು ಅವರ ಕೈಲಿಲ್ಲದ ಮಾತು.

ದುಡ್ಡಿಲ್ಲದೆ ಕಳಿಸಲು ಒಳ್ಳೆಯ ಜಾಗಗಳು ನಮ್ಮ ಹತ್ತಿರವೇ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ 'ಸಾಧನಾ' ಎಂಜಿನಿಯರಿಂಗ್ ಜರ್ನಲ್, ಅಲ್ಲಿ ಮಾಮೂಲಿ ಪ್ರಕಟಣೆಗೆ ಲೇಖಕರು ಕಾಸು ಕೊಡಬೇಕಿಲ್ಲ. ಗುಣಮಟ್ಟ ಮಾತ್ರ ಗಟ್ಟಿ, ತಿರಸ್ಕಾರಕ್ಕೂ ಸಿದ್ಧರಿರಬೇಕು. ಸಾಫ್ಟ್‌ವೇರ್ ಕಟ್ಟಿದ್ದರೆ 'ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್' ಪೂರ್ತಿ ಉಚಿತ. ವಿಮರ್ಶೆ ಗಿಟ್‌ಹಬ್‌ನಲ್ಲಿ ಎಲ್ಲರ ಕಣ್ಣೆದುರೇ ನಡೆಯುತ್ತದೆ. ಬೇರೆಯವರ ಪೇಪರ್ ಹೇಗೆ ಹಣ್ಣಾಯಿತು ಎಂದು ಅಲ್ಲಿ ಓದುವುದೇ ಒಂದು ಪಾಠ. ಎಲೆಕ್ಟ್ರಿಕಲ್ ಎಂಜಿನಿಯರುಗಳ ಜಾಗತಿಕ ಸಂಘ ಐಇಇಇಯ ಸಮ್ಮೇಳನಗಳು ಬೇಗ ಮುಗಿಯುತ್ತವೆ, ಆದರೆ ನೋಂದಣಿ ಶುಲ್ಕ ಸಾವಿರಗಟ್ಟಲೆ. ಮತ್ತು ಮಂಡಿಸದ ಪೇಪರನ್ನು ಐಇಇಇಯ ಆನ್‌ಲೈನ್ ಸಂಗ್ರಹವಾದ ಎಕ್ಸ್‌ಪ್ಲೋರ್‌ನಿಂದ ಹೊರಗಿಡಬಹುದು. ಒಂದೇ ಪೇಪರನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬೇಡಿ. ಸಿಕ್ಕಿಬಿದ್ದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ. ಪ್ರಯೋಗದ ಖರ್ಚಿಗಂತೂ ಐಐಎಸ್ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ದಶಕಗಳಿಂದ ಇದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಬರುವುದು ಕೆಲವು ಸಾವಿರವಾದರೂ ಮೇಲೆ ಹೇಳಿದ ಹತ್ತು ಸೆನ್ಸರ್, ಮಾಡ್ಯೂಲ್, ಪಾತ್ರೆಗಳಿಗೆ ಅಷ್ಟು ಧಾರಾಳ.

ಲೇಖಕರ ಹೆಸರಿನ ವಿಷಯ ಮುಜುಗರದ್ದು. ಐಇಇಇ ನಿಯಮ ಸರಳವಾಗಿದೆ: ಕೆಲಸಕ್ಕೆ ಬೌದ್ಧಿಕವಾಗಿ ಗಣನೀಯ ಕೊಡುಗೆ, ಬರವಣಿಗೆಯಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಮೂರೂ ಇರಬೇಕು. ಲ್ಯಾಬಿನ ಬೀಗ ತೆರೆದುಕೊಟ್ಟವರು ಕೃತಜ್ಞತೆಗೆ ಅರ್ಹರು, ಲೇಖಕತ್ವಕ್ಕಲ್ಲ. ಬ್ಯಾಚಿನೊಳಗಿನ ಕ್ರಮವನ್ನು ಪ್ರಯೋಗ ಶುರುವಾಗುವ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಡಿ: ಯಾರು ಪಾತ್ರೆ ತುಂಬುತ್ತಾರೆ, ಯಾರು ಕೋಡ್, ಯಾರು ಬರೆಯುತ್ತಾರೆ, ಕೆಲಸ ಬದಲಾದರೆ ಕ್ರಮ ಹೇಗೆ ಬದಲಾಗುತ್ತದೆ. ಫಲಿತಾಂಶ ಬಂದ ಮೇಲೆ ಈ ಮಾತುಕತೆ ಸ್ನೇಹಿತರಾಗಿ ಮುಗಿಯುವುದು ಕಷ್ಟ.

ಕೊನೆಗೆ, ಬಿಇ ಪೇಪರ್‌ಗಳು ಅತಿ ಹೆಚ್ಚು ಸಾಯುವ ಜಾಗ. ಜರ್ನಲಿನ ವಿಮರ್ಶೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮೇ ತಿಂಗಳಲ್ಲಿ ಕಳಿಸಿದರೆ ಉತ್ತರ ಬರುವ ಹೊತ್ತಿಗೆ ಒಬ್ಬರು ಪುಣೆಯ ಟ್ರೈನಿಂಗಿನಲ್ಲಿ, ಒಬ್ಬರು ಜರ್ಮನಿಯಲ್ಲಿ, ಕಾಲೇಜಿನ ಇಮೇಲ್ ಬಂದ್, ಸೆನ್ಸರ್‌ಗಳು ಜೂನಿಯರ್‌ಗಳ ಸ್ಮಾರ್ಟ್ ಡಸ್ಟ್‌ಬಿನ್ನಿನಲ್ಲಿ. ಎರಡನೇ ವಿಮರ್ಶಕರು ಕೇಳಿರುತ್ತಾರೆ: '35 ಡಿಗ್ರಿಯಲ್ಲಿ ಒಂದು ಮಟ್ಟವನ್ನು ಮತ್ತೆ ಅಳೆದು ತೋರಿಸಿ.' ಆದ್ದರಿಂದ ಕಳಿಸುವಾಗ ಎಲ್ಲರೂ ಸ್ವಂತ ಇಮೇಲ್ ಮತ್ತು ಆರ್ಕಿಡ್ ಸಂಖ್ಯೆ (ಸಂಶೋಧಕರ ಶಾಶ್ವತ ಗುರುತು) ಕೊಡಿ, ಕಚ್ಚಾ ಡೇಟಾ ಮತ್ತು ಕೋಡನ್ನು ಝೆನೊಡೊ ಎಂಬ ಆನ್‌ಲೈನ್ ಡೇಟಾ ಭಂಡಾರದಲ್ಲಿ ಹಾಕಿ, ಸಂಖ್ಯೆ ಬರೆದ ಐದು ಸೆನ್ಸರ್ ಮತ್ತು ಎರಡೂ ಮಣ್ಣಿನ ಎರಡೆರಡು ಕಿಲೋವನ್ನು ಡಬ್ಬಿಯಲ್ಲಿ ಕಟ್ಟಿ ಊರಿನ ಹತ್ತಿರವೇ ಉಳಿಯುವವರ ಮನೆಯ ಅಟ್ಟದಲ್ಲಿಡಿ. ಉತ್ತರ ಬರೆಯುವಾಗ ವಿಮರ್ಶಕರ ಪ್ರತಿ ಮಾತನ್ನೂ ಹಾಗೇ ನಕಲಿಸಿ, ಅದರ ಕೆಳಗೆ ನಿಮ್ಮ ಉತ್ತರ, ಅದರ ಕೆಳಗೆ ಎಷ್ಟನೇ ಪುಟದ ಎಷ್ಟನೇ ಸಾಲು ಬದಲಾಯಿತು ಎಂದು ಕೊಡಿ. ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದು ಕಾರಣ ಸಮೇತ ಬರೆಯಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಗಡುವು ಸಾಲದಿದ್ದರೆ ಸಂಪಾದಕರಿಗೆ ಬರೆದು ಹೆಚ್ಚು ಸಮಯ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ದೀಪಾವಳಿಗೆ ಎಲ್ಲರೂ ಊರಿಗೆ ಬರುತ್ತೀರಲ್ಲ, ಆಗ ಅಟ್ಟದಿಂದ ಡಬ್ಬಿ ಇಳಿಸಬಹುದು.